ನಲವತ್ತೊಂದು ಸಲ ತೆರೆದ ಹಲಗೆ

ನಮ್ಮಣ್ಣನ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಮೊಳೆ ಎಂದು. ಹುಟ್ಟಿದಾಗ ಕಡ್ಡಿಯಂತಿದ್ದಳು, ಅದಕ್ಕೇ ಆ ಹೆಸರು ಎಂದು ಅತ್ತಿಗೆ ಹೇಳುತ್ತಾರೆ. ಶುದ್ಧ ಸುಳ್ಳು. ನಾಲ್ಕು ವರ್ಷದವಳಿದ್ದಾಗ, ತಾನು ಒಡೆಯದ ಗಾಜಿನ ಲೋಟಕ್ಕೆ ಬೈಸಿಕೊಂಡು, ಒಡೆದವರು ಯಾರೆಂದು ಗೊತ್ತಾಗುವವರೆಗೂ ಅಡುಗೆಮನೆಯ ಹೊಸ್ತಿಲಿನಿಂದ ಏಳಲಿಲ್ಲ. ಊಟ ಬೇಡ, ಆಟ ಬೇಡ, ಅಳುವೂ ಇಲ್ಲ. ಮೊಳೆ ಹೊಡೆದ ಹಾಗೆ ಕೂತು ಒಬ್ಬೊಬ್ಬರ ಮುಖವನ್ನೇ ದಿಟ್ಟಿಸುತ್ತಿದ್ದಳು. ಸಂಜೆಯ ಹೊತ್ತಿಗೆ, ಒಡೆದದ್ದು ನಾನೇ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ಅವತ್ತಿನಿಂದ ನನಗೆ ಅವಳ ಮೇಲೆ ಪ್ರೀತಿಯ ಜೊತೆಗೆ ಒಂದಿಷ್ಟು ಭಯವೂ ಇದೆ.

ಅಣ್ಣ ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿ. ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದಳು. ವಿಶ್ವವಿದ್ಯಾಲಯದಿಂದ ಹೊರಗೆ ಬಂದವಳೇ, ಮಾಡಿದರೆ ಉಪಗ್ರಹ ಕಟ್ಟುವ ಕೆಲಸ, ಇಲ್ಲದಿದ್ದರೆ ಅಪ್ಪನ ಜೊತೆ ಟೈಲ್ಸ್ ಹಾಕುತ್ತೇನೆ ಎಂದಳು. ಎರಡು ವರ್ಷ, ಹದಿನಾಲ್ಕು ಸಂದರ್ಶನ. ಒಂದು ಕಡೆ, "ಬಾಹ್ಯಾಕಾಶವೇ ಯಾಕೆ?" ಎಂದು ಕೇಳಿದರಂತೆ. "ಅಲ್ಲಿಗೆ ರಿಪೇರಿಯವರನ್ನ ಕಳ್ಸೋಕಾಗಲ್ಲ. ಮೊದಲ ಸಲಾನೇ ಸರಿಯಾಗಿ ಮಾಡ್ಬೇಕು. ಅದಕ್ಕೇ" ಎಂದಳಂತೆ. ಅಲ್ಲಿ ಕೆಲಸ ಸಿಗಲಿಲ್ಲ. ಹದಿನಾಲ್ಕನೆಯ ಕಡೆ ಇದೇ ಉತ್ತರಕ್ಕೆ ಸಿಕ್ಕಿತು. ಮೂರು ವರ್ಷದ ಗುತ್ತಿಗೆ. ಅದು ಮುಗಿದ ಮೇಲೆ ವಿಭಾಗದ ಮುಖ್ಯಸ್ಥರು ಶಿಫಾರಸು ಮಾಡಿದರೆ ಕಾಯಂ, ಮಾಡದಿದ್ದರೆ ಮನೆಗೆ.

ಮೊದಲನೆಯ ವರ್ಷ ಅವಳ ಕೈಗೆ ಬಂದದ್ದು ಸ್ಕ್ರೂ ಎಣಿಸುವ ಕೆಲಸ. ಧೂಳು ಸೇರದಂತೆ ಕಾಯುವ ಶುದ್ಧ ಕೊಠಡಿಯಲ್ಲಿ ತಲೆಗೆ ಟೋಪಿ, ಮೂಗಿಗೆ ಮುಖಗವಸು, ಚಪ್ಪಲಿ ಬಿಟ್ಟು ಬಟ್ಟೆಯ ಬೂಟು. ಒಳಗೆ ಹೋದ ಸ್ಕ್ರೂ ಇನ್ನೂರ ಹನ್ನೆರಡು ಎಂದರೆ, ಸಂಜೆ ಲೆಕ್ಕಕ್ಕೆ ಇನ್ನೂರ ಹನ್ನೆರಡೇ ಸಿಗಬೇಕು. ಎರಡನೆಯ ವರ್ಷ ಬಡ್ತಿ ಸಿಕ್ಕಿತು: ಕೀಲು. ಉಪಗ್ರಹಕ್ಕೆ ಬಿಸಿಲಿನಿಂದ ಕರೆಂಟು ಮಾಡಿಕೊಡುವ ಹಲಗೆಗಳನ್ನು ಹಾರುವಾಗ ಮಡಿಸಿ ಇಟ್ಟಿರುತ್ತಾರೆ. ಮೇಲೆ ಹೋದ ನಂತರ ಸ್ಪ್ರಿಂಗ್ ಇರುವ ಕೀಲುಗಳು ಅವನ್ನು ಬಿಚ್ಚಬೇಕು. ಹಲಗೆ ಬಿಚ್ಚಿಕೊಂಡರೆ ಉಪಗ್ರಹ, ಇಲ್ಲದಿದ್ದರೆ ಬಹಳ ದುಬಾರಿಯ ಕಸ.

ಅವಳ ಸೋದರತ್ತೆ, ಅಂದರೆ ನಮ್ಮಕ್ಕ, ಒಮ್ಮೆ ಕೇಳಿದಳು: "ನೀನೂ ರಾಕೆಟ್ಟಲ್ಲಿ ಮೇಲಕ್ಕೆ ಹೋಗ್ತೀಯೇನೇ?"

"ಇಲ್ಲ ಅತ್ತೆ. ನಾನು ಕೀಲು ಮಾಡ್ತೀನಿ."

"ಬಾಗಿಲಿಗೆ ಹಾಕೋ ಕೀಲಾ?"

"ಹೆಚ್ಚೂಕಮ್ಮಿ ಅದೇ."

"ಅಯ್ಯೋ, ಅದಕ್ಕೆ ಇಷ್ಟೆಲ್ಲ ಓದ್ಬೇಕಿತ್ತಾ? ನಮ್ಮ ಬೀದಿ ಬಡಗಿ ಏಳನೇ ಕ್ಲಾಸು."

"ಅವ್ನು ಹಾಕಿದ ನಿಮ್ಮನೆ ಬಾಗಿಲು ಮಳೆಗಾಲದಲ್ಲಿ ತೆಗೆಯೋಕೆ ಬರಲ್ಲ, ಒದೀಬೇಕು. ಮೇಲೆ ಒದೆಯೋಕೆ ಯಾರಿರ್ತಾರೆ ಅತ್ತೆ?"



ಇನ್ನು ವಿಭಾಗದ ಮುಖ್ಯಸ್ಥರು. ಕಿರಿಯರು ಬೆನ್ನ ಹಿಂದೆ ಅವರನ್ನು ಪೀಠ ಎನ್ನುತ್ತಿದ್ದರು. ಸಭೆಯ ಕೊಠಡಿಯಲ್ಲಿ ಅವರ ಕುರ್ಚಿ ಉಳಿದ ಕುರ್ಚಿಗಳಿಗಿಂತ ನಾಲ್ಕು ಬೆರಳು ಎತ್ತರ, ಅದಕ್ಕೆ. ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೆಟ್ಟವರಾಗಲು ಬೇಕಾದ ಶ್ರಮವನ್ನೂ ಅವರು ಪಟ್ಟಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮಾತಿಗೊಮ್ಮೆ "ನಾವು ಬಾಹ್ಯಾಕಾಶದವರು" ಎನ್ನುತ್ತಿದ್ದರು, ಅಲ್ಲೇ ಹುಟ್ಟಿ ರಜೆಗೆಂದು ಇಲ್ಲಿಗೆ ಬಂದವರ ಹಾಗೆ. ಪರೀಕ್ಷೆಯ ಕೊಠಡಿಗೆ ಗಣ್ಯರು ಬಂದರೆ ಕೂತು ನೋಡಲಿ ಎಂದು ಒಂದು ಗೋಡೆಯ ಮೇಲ್ಭಾಗದಲ್ಲಿ ಗಾಜಿನ ಗ್ಯಾಲರಿ ಕಟ್ಟಿಸಿದ್ದರು. ನಲವತ್ತು ಕುರ್ಚಿ, ನೆಲಕ್ಕೆ ರತ್ನಗಂಬಳಿ, ಉದ್ಘಾಟನೆಯ ಕಲ್ಲಿನ ಮೇಲೆ ಅವರ ಹೆಸರು. ಹಲಗೆಗಳು ಅತಿಥಿಗಳ ಕಡೆಗೇ ಬಿಚ್ಚಿಕೊಳ್ಳುತ್ತಾ ಬರಬೇಕು ಎಂದು ಪರೀಕ್ಷೆಯ ಸಾಮಾನನ್ನೆಲ್ಲ ಆ ಕಡೆಗೆ ತಿರುಗಿಸಿದ್ದರು.

ಈ ಪರೀಕ್ಷೆಯ ವಿಚಾರ ಸ್ವಲ್ಪ ಹೇಳಬೇಕು. ಮೇಲೆ ಹಲಗೆಗೆ ಭಾರವಿಲ್ಲ, ಇಲ್ಲಿ ಇದೆ. ಹಾಗಾಗಿ ಚಾವಣಿಯ ಕೆಳಗೆ ಒಂದು ಉದ್ದದ ಕಂಬಿ ಹಾಕಿ, ಅದರ ಮೇಲೆ ಓಡುವ ಪುಟ್ಟ ಗಾಲಿಗಳಿಗೆ ಹಲಗೆಗಳನ್ನು ನೇತುಹಾಕುತ್ತಾರೆ. ಭಾರವನ್ನೆಲ್ಲ ಕಂಬಿ ಹೊರುತ್ತದೆ, ತಳ್ಳುವ ಕೆಲಸ ಮಾತ್ರ ಸ್ಪ್ರಿಂಗಿನದು. ಮಡಿಸುವ ಬಾಗಿಲು ತೆರೆದ ಹಾಗೆ ಮೂರು ಹಲಗೆ ನಿಧಾನವಾಗಿ ಬಿಚ್ಚಿಕೊಂಡು, ಕೊನೆಗೆ ಕೊಂಡಿ 'ಟಕ್' ಎಂದು ಬಿದ್ದರೆ ಪಾಸು. ಪರೀಕ್ಷೆ ನಡೆಸಿದ ಎಂಜಿನಿಯರು ಮೊದಲು ಸಹಿ ಹಾಕಬೇಕು. ಮೇಲಿನವರ ಸಹಿ ಆಮೇಲೆ. ಮೊಳೆ ಹೀಗೆ ನಲವತ್ತೊಂದು ಸಲ ಬಿಚ್ಚಿಸಿ, ನಲವತ್ತೊಂದು ಸಹಿ ಹಾಕಿದ್ದಳು.

ಗುತ್ತಿಗೆ ಮುಗಿಯಲು ಎರಡು ತಿಂಗಳಿತ್ತು. ಒಂದು ಮಧ್ಯಾಹ್ನ ಏಣಿ ಹತ್ತಿ ಕಂಬಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳಂತೆ. ಹಲಗೆ ಕಳಚಿದ ಖಾಲಿ ಗಾಲಿಯೊಂದನ್ನು ಪಕ್ಕಕ್ಕೆ ಸರಿಸಿ, ಬಟ್ಟೆ ಹಿಂಡಿ ತಿರುಗಿ ನೋಡಿದರೆ ಗಾಲಿ ಒಂದು ಗೇಣು ಆಚೆ ಹೋಗಿ ನಿಂತಿದೆ. ವಾಪಸ್ ತಂದು ಬಿಟ್ಟಳು. ಮತ್ತೆ ಹೋಯಿತು. ಮೂರು ಸಲ ಬಿಟ್ಟಳು. ಮೂರು ಸಲವೂ ಗ್ಯಾಲರಿಯ ಕಡೆಗೇ.

ನೆಲ ಹಾಕುವವನ ಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರನೆಯ ದಿನ ಊಟದ ಚೀಲದಲ್ಲಿ ಅಪ್ಪನ ರಸಮಟ್ಟ ಇಟ್ಟುಕೊಂಡು ಹೋದಳು; ಮೇಸ್ತ್ರಿಗಳು ನೆಲದ ಮಟ್ಟ ನೋಡಲು ಇಟ್ಟುಕೊಳ್ಳುವ, ಗಾಜಿನ ನಳಿಗೆಯೊಳಗೆ ಗುಳ್ಳೆ ಇರುವ ಆ ಪಟ್ಟಿ. ಕಂಬಿಯ ಮೇಲಿಟ್ಟರೆ ಗುಳ್ಳೆ ನಡುವೆ ನಿಲ್ಲಲಿಲ್ಲ. ನೇರ ಪೀಠದ ಮುಂದೆ ಹೋಗಿ ನಿಂತಳು.

"ಏನಮ್ಮಾ ಇದು?"

"ರಸಮಟ್ಟ ಸರ್. ಕಂಬಿ ಗ್ಯಾಲರಿ ಕಡೆಗೆ ವಾಟ ಇದೆ."

"ವಾಟ ಅಂದ್ರೆ?"

"ನೀರು ಹರಿಯೋಕೆ ನೆಲಕ್ಕೆ ಕೊಡೋ ಇಳಿಜಾರು ಸರ್. ಹಲಗೆ ಇಳಿಜಾರಿಗೆ ಜಾರ್ಕೊಂಡು ಬಿಚ್ಕೊಳ್ತಿದೆ. ಸ್ಪ್ರಿಂಗ್ ಎಷ್ಟು ತಳ್ತಿದೆ, ವಾಟ ಎಷ್ಟು ಎಳೀತಿದೆ, ನಮಗೆ ಗೊತ್ತಿಲ್ಲ. ಕಂಬಿಯ ಆ ತುದಿ ಕೂತಿರೋ ತೊಲೆ ಮೇಲೇ ಗ್ಯಾಲರಿ ಕಟ್ಟಿದಾರೆ. ಅದು ತೊಲೇನ ಕೆಳಕ್ಕೆ ಜಗ್ಗಿದೆ."

ಗ್ಯಾಲರಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಪೀಠದ ಮುಖ ಬದಲಾಯಿತಂತೆ.

"ಕಂಬಿ ಮಟ್ಟವಾಗಿದೆ ಅನ್ನೋಕೆ ಪ್ರಮಾಣಪತ್ರ ಇದೆ."

"ಅದು ಗ್ಯಾಲರಿ ಕಟ್ಟೋಕೆ ಮುಂಚಿನದು ಸರ್."

"ಎರಡು ವರ್ಷದ ಅವಧಿ ಇದೆ. ಇನ್ನೂ ಮುಗಿದಿಲ್ಲ. ನಿನ್ನ ಈ ಕಡ್ಡಿಗೆ ಪ್ರಮಾಣಪತ್ರ ಇದೆಯಾ?"

"ಇಲ್ಲ."

"ಪ್ರಮಾಣಪತ್ರ ಇರೋದು ಮಟ್ಟವಾಗಿದೆ ಅನ್ನತ್ತೆ, ಇಲ್ದಿರೋದು ಇಲ್ಲ ಅನ್ನತ್ತೆ. ನಾನು ಯಾವುದನ್ನ ನಂಬ್ಲಿ?"

"ಗಾಲೀನ ನಂಬಿ ಸರ್. ಅದಕ್ಕೆ ಓದೋಕೆ ಬರಲ್ಲ."

ಆಗ ಅವರು ಆಡಿದ ಮಾತನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. "ನೋಡಮ್ಮಾ, ಇದು ಬಚ್ಚಲುಮನೆ ಅಲ್ಲ. ಬಚ್ಚಲಿನ ಸಾಮಾನು ಮನೇಲೇ ಬಿಟ್ಟು ಬಾ."

ಮೊಳೆ ಎಲ್ಲವನ್ನೂ ಬರೆದು ಕೊಟ್ಟಳು. ಎರಡು ಪುಟ, ಗಾಲಿ ಜಾರಿದ ಅಳತೆ ಸಮೇತ. ನಾಲ್ಕನೆಯ ದಿನ ಅದು ವಾಪಸ್ ಬಂತು. ಮೇಲೆ ಕೆಂಪು ಶಾಯಿಯಲ್ಲಿ, 'ಅನಧಿಕೃತ ಉಪಕರಣದ ಅಳತೆಯನ್ನು ಪರಿಗಣಿಸಲಾಗದು.' ಜೊತೆಗೆ ಇನ್ನೊಂದು ಕಾಗದ: ಶುದ್ಧ ಕೊಠಡಿಯೊಳಗೆ ಅನುಮತಿಯಿಲ್ಲದ ವಸ್ತು ತಂದದ್ದಕ್ಕೆ ಎಚ್ಚರಿಕೆ, ಕಡತಕ್ಕೆ ಸೇರಿಸಿದೆ. ಪ್ರಮಾಣಪತ್ರವಿರುವ ಉಪಕರಣ ತರಿಸಿ ಎಂದು ಅವಳು ಕೊಟ್ಟ ಅರ್ಜಿಗೆ ಹನ್ನೊಂದು ವಾರ ಆಗುತ್ತದೆ ಎಂದರು. ಕೊನೆಯ ಪರೀಕ್ಷೆಗೆ ಇದ್ದದ್ದು ಮೂರು ವಾರ. ಅದಾದ ಮೇಲೆ ಹಲಗೆಯನ್ನು ಉಪಗ್ರಹಕ್ಕೆ ಜೋಡಿಸಿ ಕಳಿಸಿಬಿಡುತ್ತಾರೆ.

ಮನೆಯಲ್ಲಿ ಅಣ್ಣ ಮೊದಲು ರೇಗಿದ್ದು ಮಗಳ ಮೇಲೆಯೇ. "ನನ್ನ ಮಟ್ಟ ನನ್ನ ಕೇಳದೆ ಯಾಕೆ ತಗೊಂಡು ಹೋದೆ? ಕೆಲಸದ ಮನೇಲಿ ನಾನು ಮಟ್ಟ ಹುಡುಕ್ಕೊಂಡು ಅರ್ಧ ದಿನ ಕೂತಿದ್ದೆ." ಬಚ್ಚಲುಮನೆಯ ಮಾತು ಕೇಳಿದ ಮೇಲೆ ಹೇಳಿದರು: "ಆ ಮನುಷ್ಯನ ಬಚ್ಚಲಲ್ಲಿ ನೀರು ನಿಲ್ಲತ್ತೆ. ಬರೆದಿಟ್ಕೋ."

ನಾನು ಬುದ್ಧಿವಂತ. ಬುದ್ಧಿ ಹೇಳಿದೆ. "ಮೊಳೆ, ಇದೊಂದು ಸಹಿ ಹಾಕಿಬಿಡು. ಮೊದಲು ಕಾಯಂ ಆಗಲಿ. ಆಮೇಲೆ ಎಷ್ಟು ಬೇಕೋ ಅಷ್ಟು ಜಗಳ ಆಡು."

"ಚಿಕ್ಕಪ್ಪ, ನಿಮ್ಮ ಆಫೀಸಲ್ಲಿ ಕಾಯಂ ಆದ್ಮೇಲೆ ಜಗಳ ಆಡಿದೋರು ಒಬ್ಬರಾದ್ರೂ ಇದಾರಾ?"

ಇಪ್ಪತ್ತಾರು ವರ್ಷದ ನೌಕರಿಯನ್ನು ಒಂದು ಸುತ್ತು ನೆನಪಿಸಿಕೊಂಡೆ. ಒಬ್ಬನೂ ಸಿಗಲಿಲ್ಲ. ನಾನಂತೂ ಅಲ್ಲ.

"ನಂಗೆ ಸಿಟ್ಟು ಬಂದಿರೋದು ಅವ್ರ ಮೇಲೆ ಮಾತ್ರ ಅಲ್ಲ" ಎಂದಳು. "ನಲವತ್ತೊಂದು ಕಡೆ ಇರೋದು ನನ್ನ ಸಹಿ. ಸರಿಯಾಗಿದೆ ಅಂತ ನಾನೇ ಬರ್ಕೊಟ್ಟಿದೀನಿ. ಗ್ಯಾಲರಿ ಕಟ್ಟೋವಾಗ ಅದೇ ಕೊಠಡೀಲಿ ಇದ್ದೆ, ಧೂಳು ಬರತ್ತೆ ಅಂತ ಬೈದೆ. ತೊಲೆ ಕಡೆ ತಲೆ ಎತ್ತಿ ನೋಡ್ಲಿಲ್ಲ."

ಕೊನೆಯ ಪರೀಕ್ಷೆಯ ದಿನ ಸಿಬ್ಬಂದಿಯ ಮನೆಯವರಿಗೂ ಆಹ್ವಾನವಿತ್ತು. ಪೀಠಕ್ಕೆ ಗ್ಯಾಲರಿ ತುಂಬಬೇಕಿತ್ತು. ಅಣ್ಣ, ಅತ್ತಿಗೆ, ನಾನು ಮೂರನೆಯ ಸಾಲಿನಲ್ಲಿ. ಮುಂದಿನ ಸಾಲಿನಲ್ಲಿ ಸೂಟುಗಳು. ಗಾಜಿನಾಚೆ ಕೆಳಗೆ ಬಿಳಿ ಬೆಳಕಿನ ಕೊಠಡಿ, ನೀಲಿ ಟೋಪಿಗಳು. ಅಲ್ಲಿಯ ಮಾತು ಸ್ಪೀಕರಿನಲ್ಲಿ ಇಲ್ಲಿಗೆ ಕೇಳುತ್ತಿತ್ತು. ಅಣ್ಣ ಕೂತವರೇ ರತ್ನಗಂಬಳಿಯ ಮೇಲೆ ಕಾಲೊತ್ತಿ ನೋಡಿ, ನನ್ನ ಕಿವಿಯಲ್ಲಿ, "ಜನ ತುಂಬಿದ್ ಹಾಗೆ ಇನ್ನೂ ಇಳೀತಿದೆ ಕಣೋ" ಎಂದರು. ಆ ದಿನದ ವಾಟಕ್ಕೆ ನನ್ನ ಎಂಬತ್ತೆರಡು ಕಿಲೋ ಕೊಡುಗೆಯೂ ಸಂದಿತ್ತು ಎಂಬುದನ್ನು ವಿನಯದಿಂದ ದಾಖಲಿಸುತ್ತೇನೆ.

ಪರಿಶೀಲನಾ ಸಮಿತಿಯ ಅಧ್ಯಕ್ಷೆ ಕೇಂದ್ರ ಕಚೇರಿಯಿಂದ ಬಂದಿದ್ದರು. ನರೆತ ಕೂದಲು, ದಪ್ಪ ಕನ್ನಡಕ. ಗ್ಯಾಲರಿಗೆ ಬರದೆ ತಾವೇ ಟೋಪಿ ಹಾಕಿಕೊಂಡು ಕೆಳಗೆ ನಿಂತಿದ್ದರು. ಅವರು ನಿಂತರು ಎಂದು ಪೀಠವೂ ನಿಲ್ಲಬೇಕಾಯಿತು. ನಿಲ್ಲುವ ಮೊದಲು ಪೀಠ ಹತ್ತು ನಿಮಿಷ ಮಾತಾಡಿದರು. ಅದರಲ್ಲಿ ಆಕಾಶ, ಕನಸು, ಮುಂದಿನ ಪೀಳಿಗೆ ಎಲ್ಲ ಬಂತು. ಸ್ಪ್ರಿಂಗ್ ಬರಲಿಲ್ಲ.

ಅಲ್ಲೊಂದು ಪದ್ಧತಿ ಇದೆ. ಪರೀಕ್ಷೆಗೆ ಮುಂಚೆ ಅದನ್ನು ನಡೆಸುವ ಎಂಜಿನಿಯರು ಎಲ್ಲ ಹಂತಗಳನ್ನೂ ಗಟ್ಟಿಯಾಗಿ ಓದಿ, ಕೊನೆಗೆ "ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಕೇಳಬೇಕು. ಸುತ್ತ ನಿಂತವರು "ಇಲ್ಲ" ಎನ್ನಬೇಕು. ಕೇಳುವವರೂ ಕೇಳುವುದಿಲ್ಲ, ಹೇಳುವವರೂ ಯೋಚಿಸುವುದಿಲ್ಲ. ಬಸ್ಸಿನಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ" ಎಂದ ಹಾಗೆ. ನಲವತ್ತೊಂದು ಸಲ ಮೊಳೆ ಕೇಳಿದ್ದಳು, ನಲವತ್ತೊಂದು ಸಲ "ಇಲ್ಲ" ಬಂದಿತ್ತು.

ಅವತ್ತೂ ಓದಿದಳು. "ಯಾರದಾದರೂ ಆಕ್ಷೇಪಣೆ ಇದೆಯೇ?"

"ಇಲ್ಲ" ಎಂದರು ಎಲ್ಲರೂ.

"ಇದೆ" ಎಂದಳು ಮೊಳೆ.

ಮುಂದಿನ ಸಾಲಿನ ಸೂಟುಗಳು ಸ್ಪೀಕರಿನ ಕಡೆ ತಿರುಗಿದವು. ಅತ್ತಿಗೆ ನನ್ನ ಮೊಣಕೈ ಹಿಡಿದುಕೊಂಡರು.

"ಏನಮ್ಮಾ ಇದು, ಓದೋರು ಆಕ್ಷೇಪಣೆ ಹೇಳೋ ಹಾಗಿಲ್ಲ" ಎಂದರು ಪೀಠ.

"ಹಾಗಂತ ಎಲ್ಲಿ ಬರೆದಿದೆ?" ಎಂದು ಅಧ್ಯಕ್ಷೆ ಕೇಳಿದರು. ಪೀಠ ಪುಟ ತಿರುವತೊಡಗಿದರು. ಅವರು ತಿರುವುತ್ತಿರುವಾಗಲೇ ಅಧ್ಯಕ್ಷೆ ಮೊಳೆಯ ಕಡೆ ತಿರುಗಿ, "ಹೇಳಿ" ಎಂದರು.

"ಕಂಬಿ ಮಟ್ಟವಾಗಿಲ್ಲ ಮೇಡಂ. ನನ್ನ ಅಳತೆ ನಂಬಬೇಕಿಲ್ಲ, ಅದಕ್ಕೆ ಪ್ರಮಾಣಪತ್ರ ಇಲ್ವಂತೆ. ಹಲಗೆ ಕಟ್ಟಿರೋ ಈ ಸ್ಟ್ಯಾಂಡನ್ನ ಆ ತುದಿಗೆ ಒಯ್ದು, ತಿರುಗಿಸಿ, ಗ್ಯಾಲರಿ ಕಡೆಯಿಂದ ಈ ಕಡೆಗೆ ಬಿಚ್ಚಿಸೋಣ. ಕಂಬಿ ಮಟ್ಟವಾಗಿದ್ರೆ ಯಾವ ಕಡೆಗೆ ಬಿಚ್ಚಿದ್ರೂ ಒಂದೇ ಅಲ್ವಾ?"

"ಅಂದ್ರೆ ಅತಿಥಿಗಳಿಗೆ ಬೆನ್ನು ತೋರಿಸಿ ಬಿಚ್ಚೋದಾ?" ಎಂದರು ಪೀಠ. ನಿಜಕ್ಕೂ ನೊಂದಿದ್ದರು.

ಅಧ್ಯಕ್ಷೆ ಅವರ ಮುಖ ನೋಡಿ, "ತಿರುಗ್ಸಿ" ಎಂದರು, ಟೆಕ್ನಿಷಿಯನ್ನಿಗೆ.

ತಿರುಗಿಸಲು ಒಂದೂವರೆ ಗಂಟೆ ಹಿಡಿಯಿತು. ಮುಂದಿನ ಸಾಲಿನ ಸೂಟುಗಳು ಎರಡು ಸಲ ಚಹಾ ಕುಡಿದವು. ಕೊನೆಗೆ ಮೊಳೆ ಗುಂಡಿ ಒತ್ತಿದಳು. ಮೊದಲ ಹಲಗೆ ಕದಲಿತು. ಎರಡನೆಯದು ಹಿಂಬಾಲಿಸಿತು. ಅರ್ಧ ದಾರಿಯವರೆಗೂ ಚೆನ್ನಾಗಿಯೇ ಹೋಯಿತು. ಪೀಠ ಗೆದ್ದವರಂತೆ ಗ್ಯಾಲರಿಯ ಕಡೆಗೆ ಕೈ ಎತ್ತಿದರು. ಆಮೇಲೆ ಅದು ನಿಧಾನವಾಯಿತು. ಇನ್ನೂ ನಿಧಾನವಾಯಿತು. ಮುಕ್ಕಾಲು ಬಿಚ್ಚಿಕೊಂಡು, ಒಮ್ಮೆ ಸಣ್ಣಗೆ ಓಲಾಡಿ ನಿಂತುಬಿಟ್ಟಿತು. 'ಟಕ್' ಕೇಳಲೇ ಇಲ್ಲ.

"ಸ್ವಲ್ಪ ತಟ್ಟಿ ನೋಡಿ" ಎಂದರು ಪೀಠ.

"ಮೇಲೆ ಹೋಗಿ ತಟ್ಟೋರು ಯಾರು ಸರ್?"

"ಏರಿನಲ್ಲಿ ಎಳೆಸಿದ್ರೆ ನಿಲ್ದೆ ಏನಾಗತ್ತೆ? ಮೇಲೆ ಏರೂ ಇಲ್ಲ, ಇಳಿಜಾರೂ ಇಲ್ಲ!"

"ಹೌದು ಸರ್" ಎಂದಳು ಮೊಳೆ. "ಮೂರು ವಾರದಿಂದ ನಾನು ಹೇಳ್ತಿರೋದೂ ಅದನ್ನೇ. ಏರಲ್ಲಿ ನಿಂತಿದ್ದಕ್ಕೆ ಅರ್ಥ ಇಲ್ಲ ಅಂದ್ರೆ, ಇಳಿಜಾರಲ್ಲಿ ತೆರೆದದ್ದಕ್ಕೂ ಇಲ್ಲ. ಇದು ಮೇಲೆ ತೆರೆಯತ್ತೋ ಇಲ್ವೋ ನಮಗೆ ಯಾರಿಗೂ ಗೊತ್ತಿಲ್ಲ. ಗೊತ್ತಿದೆ ಅಂತ ನಾನು ನಲವತ್ತೊಂದು ಸಹಿ ಹಾಕಿದೀನಿ, ನೀವು ಅದರ ಕೆಳಗೆ ನಲವತ್ತೊಂದು ಹಾಕಿದೀರಿ. ನನ್ನದು ವಾಪಸ್ ತಗೊಳ್ತೀನಿ."

ಪರೀಕ್ಷೆಯ ಹಾಳೆಯಲ್ಲಿ 'ಅನುತ್ತೀರ್ಣ' ಎಂದು ಬರೆದು ಅವಳು ಸಹಿ ಹಾಕಿದಳು. ಪಕ್ಕದಲ್ಲಿ ಅಣ್ಣ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಅತ್ತಿಗೆ ಆ ಕೈ ಹಿಡಿದು ತೊಡೆಯ ಮೇಲಿಟ್ಟರು.

ಕಂಬಿಯನ್ನು ಹೊರಗಿನವರು ಬಂದು ಅಳೆದರು. ವಾಟ ಇತ್ತು, ಜನ ತುಂಬಿದರೆ ಇನ್ನೂ ಹೆಚ್ಚು. ಅಧ್ಯಕ್ಷೆಯ ಆದೇಶದ ಮೇಲೆ ಗ್ಯಾಲರಿ ಖಾಲಿ ಮಾಡಿಸಿ, ತೊಲೆಗೆ ಆಧಾರ ಕೊಟ್ಟು, ಕಂಬಿ ಮಟ್ಟ ಮಾಡಿ ಮತ್ತೆ ಪರೀಕ್ಷೆ ನಡೆಯಿತು. ಹತ್ತು ಸಲ ಬಿಚ್ಚಿಸಿದರೆ, ಮೇಲಿನ ಚಳಿಯ ಲೆಕ್ಕಕ್ಕೆ ಕೊಠಡಿ ತಣ್ಣಗೆ ಮಾಡಿದ ಮೂರು ಸಲ ಹಲಗೆ ನಡುದಾರಿಯಲ್ಲಿ ನಿಂತಿತು. ಅಂದರೆ ಸ್ಪ್ರಿಂಗೇ ಸಾಲದು. ಬಲವಾದ ಸ್ಪ್ರಿಂಗ್ ಮಾಡಿಸಲು ಹೇಳಿದರು, ಉಡಾವಣೆ ಏಳು ತಿಂಗಳು ಮುಂದಕ್ಕೆ ಹೋಯಿತು.

ವಿಚಾರಣೆಯ ವರದಿ ಬಂತು. 'ವಿಭಾಗದ ಸಮಯಪ್ರಜ್ಞೆಯಿಂದಾಗಿ ಭಾರಿ ನಷ್ಟ ತಪ್ಪಿದೆ.' ವಿಭಾಗ ಎಂದರೆ ಅದರ ಮುಖ್ಯಸ್ಥರು ತಾನೆ? ಪೀಠಕ್ಕೆ ಪ್ರಶಂಸಾಪತ್ರ ಸಿಕ್ಕಿತು, ಸಂಸ್ಥೆಯ ಪತ್ರಿಕೆಯಲ್ಲಿ ಫೋಟೋ ಬಂತು. ಹಿನ್ನೆಲೆಯಲ್ಲಿ ಕಂಬಿ, ಅದರ ಕಡೆ ಬೆರಳು ತೋರಿಸುತ್ತಾ ಅವರು. 'ಮಟ್ಟದ ಮಹತ್ವ' ಎಂಬ ವಿಷಯದ ಮೇಲೆ ಬೇರೆ ಬೇರೆ ಕಡೆ ಮೂರು ಉಪನ್ಯಾಸ ಕೊಟ್ಟರಂತೆ.

ಮೊಳೆಯ ಕಡತದಲ್ಲಿ ಇದ್ದದ್ದು ಎರಡು ಕಾಗದ. ಒಂದು, ಅನುಮತಿಯಿಲ್ಲದ ವಸ್ತು ತಂದದ್ದು. ಇನ್ನೊಂದು, ದೋಷವಿದ್ದ ನಲವತ್ತೊಂದು ಪರೀಕ್ಷೆಗಳಿಗೆ ಸಹಿ ಹಾಕಿದ್ದು. ಅದೇ ನಲವತ್ತೊಂದರ ಕೆಳಗಿದ್ದ ಇನ್ನೊಂದು ಸಹಿಯ ವಿಚಾರ ಯಾರಿಗೂ ನೆನಪಾಗಲಿಲ್ಲ. 'ತಂಡದೊಂದಿಗೆ ಹೊಂದಿಕೊಂಡು ಹೋಗುವುದನ್ನು ಇನ್ನೂ ಕಲಿಯಬೇಕಿದೆ' ಎಂದು ಪೀಠ ಷರಾ ಬರೆದರು. ಕಾಯಂ ಆಗಲಿಲ್ಲ. ಗುತ್ತಿಗೆಯನ್ನು ಒಂದು ವರ್ಷ ಮುಂದುವರಿಸಲಾಗಿದೆ ಎಂದು ಪತ್ರ ಬಂತು.

ಅಣ್ಣ ಬಿಟ್ಟುಬಿಡು ಎಂದರು. ನಾನೂ ಬಿಟ್ಟುಬಿಡು ಎಂದೆ. ಈ ಸಲ ಬುದ್ಧಿಗಲ್ಲ, ಸಿಟ್ಟಿಗೆ.

"ಯಾಕೆ ಬಿಡ್ಲಿ?" ಎಂದು ಅವಳು ನಮ್ಮ ಮೇಲೇ ಹರಿಹಾಯ್ದಳು. "ಹೊಸ ಸ್ಪ್ರಿಂಗ್ ಬರೋದು ಬರೋ ತಿಂಗಳು. ನಾನು ಹೋದ್ರೆ ಪರೀಕ್ಷೆ ಯಾರು ಮಾಡ್ತಾರೆ? 'ಇಲ್ಲ' ಅನ್ನೋರಾ?"

ಮಾರನೆಯ ದಿನ ಆಡಳಿತ ವಿಭಾಗಕ್ಕೆ ಹೋಗಿ, ಪತ್ರಕ್ಕೆ ಸಹಿ ಹಾಕಲು ಕೂತಳಂತೆ. 'ಸದರಿಯವರ ಕೋರಿಕೆಯ ಮೇರೆಗೆ ಗುತ್ತಿಗೆಯನ್ನು ಒಂದು ವರ್ಷ ವಿಸ್ತರಿಸಲಾಗಿದೆ' ಎಂದಿತ್ತು. ಮೊಳೆ ಪೆನ್ನು ತೆಗೆದು 'ಸದರಿಯವರ ಕೋರಿಕೆಯ ಮೇರೆಗೆ' ಎಂಬುದರ ಮೇಲೆ ಗೆರೆ ಎಳೆದು, ಕೆಳಗೆ ಸಹಿ ಹಾಕಿದಳು.

ಗುಮಾಸ್ತ ಗಾಬರಿಯಾದ. "ಅಯ್ಯೋ, ಏನ್ ಮೇಡಂ ಹೀಗ್ ಮಾಡಿದ್ರಿ! ಎಲ್ಲರ ಪತ್ರದಲ್ಲೂ ಹಾಗೇ ಇರತ್ತೆ. ಹೊಡೆದು ಹಾಕಿರೋದನ್ನ ಸಾಹೇಬ್ರು ತಗೊಳ್ಳಲ್ಲ."

"ನಾನು ಕೋರಿಲ್ಲ."

"ಅದು ನನಗೂ ಗೊತ್ತು ಮೇಡಂ, ಆದ್ರೆ..."

"ಗೊತ್ತಿದ್ರೆ ಗೊತ್ತಿರೋದನ್ನೇ ಟೈಪ್ ಮಾಡಿ ಕಳ್ಸಿ. ಮೊದಲ ಸಲಾನೇ ಸರಿಯಾಗಿ ಮಾಡಿದ್ರೆ ನಿಮಗೂ ಎರಡನೇ ಹಾಳೆ ಉಳೀತಿತ್ತು. ನಾನು ಪರೀಕ್ಷೆ ಕೊಠಡೀಲಿ ಇರ್ತೀನಿ."